ಸಂಪಾದಕರ ಉತ್ತರ: ಬಾಕಿ ಉಳಿದ ಒಂದು ರೂಪಾಯಿಯ ವಿಚಾರ

ಮಾನ್ಯರೇ,

ಅರಸೀಕೆರೆಯಿಂದ ನೀವು ಬರೆದ ಪತ್ರ ತಲುಪಿದೆ. ದಿನಸಿ ಅಂಗಡಿಯವರು ಒಂದೆರಡು ರೂಪಾಯಿ ಚಿಲ್ಲರೆಯ ಬದಲಿಗೆ ಕೊಟ್ಟ ಚಾಕೊಲೇಟುಗಳು ನಿಮ್ಮ ಮೇಜಿನ ಡ್ರಾಯರಿನಲ್ಲಿ ಮೂವತ್ತನ್ನು ದಾಟಿವೆ, ಸಕ್ಕರೆ ಕಾಯಿಲೆಯವರಾದ ನಿಮಗೆ ಅವು ಯಾವ ಉಪಯೋಗಕ್ಕೂ ಬಾರವು ಎಂದಿದ್ದೀರಿ. ಅದೇ ಅಂಗಡಿಯವರು ನೀವು ಕೊಟ್ಟ ಹತ್ತು ರೂಪಾಯಿ ನಾಣ್ಯವನ್ನು 'ಇದು ನಡೆಯೋದಿಲ್ಲ' ಎಂದು ವಾಪಸು ಕೊಟ್ಟಿದ್ದಾರೆ. ಬಸ್ಸಿನಲ್ಲಿ ನಿರ್ವಾಹಕರು ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಏಳು ರೂಪಾಯಿ ಇಳಿಯುವ ಗಡಿಬಿಡಿಯಲ್ಲಿ ಅಲ್ಲೇ ಉಳಿದಿದೆ. ಸರ್ಕಾರ ನಾಣ್ಯ ಮಾಡುವುದನ್ನೇ ನಿಲ್ಲಿಸಿದೆಯೇ, ವರ್ತಕರು ಹೀಗೆ ನಡೆದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆಯೇ ಎಂದು ಕೇಳಿದ್ದೀರಿ. ಪತ್ರದ ಕೊನೆಯ ಸಾಲಿನಲ್ಲಿ ನಮ್ಮ ಪತ್ರಿಕೆಯ ಮೇಲೂ ಒಂದು ದೂರಿದೆ. ಅದಕ್ಕೂ ಉತ್ತರ ಕೊಡುತ್ತೇನೆ.

ನಾಣ್ಯ ಟಂಕಿಸುವ ಕೆಲಸ ನಿಂತಿಲ್ಲ. ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿ ಟಂಕಸಾಲೆಗಳಿವೆ. ನಾಣ್ಯ ಮಾಡಿಸುವುದು ಕೇಂದ್ರ ಸರ್ಕಾರದ ಹೊಣೆಯಾದರೆ ಅದನ್ನು ಬ್ಯಾಂಕುಗಳ ಮೂಲಕ ಜನರಿಗೆ ಮುಟ್ಟಿಸುವುದು ರಿಸರ್ವ್ ಬ್ಯಾಂಕಿನ ಕೆಲಸ. ಲೋಹಕ್ಕೇ ಬರ ಬಂದ ಕಾಲವೂ ಇತ್ತು. ಎರಡನೆಯ ಮಹಾಯುದ್ಧದ ನಡುವೆ ಕಂಚನ್ನು ಉಳಿಸುವುದಕ್ಕಾಗಿಯೇ 1943ರಲ್ಲಿ ನಡುವೆ ತೂತಿರುವ ಕಾಸನ್ನು ಹೊರತಂದರು; ನಮ್ಮ ಹಿರಿಯರ ಬಾಯಲ್ಲಿ 'ತೂತು ಕಾಸು' ಎಂದು ಉಳಿದಿರುವುದು ಅದೇ. ಇಂದಿನ ತೊಂದರೆ ಆ ಬಗೆಯದಲ್ಲ. ನಾಣ್ಯ ದೇಶದಲ್ಲಿ ಇದೆ, ಆದರೆ ಅದು ಬೇಕಾಗಿರುವ ಗಲ್ಲಾ ಪೆಟ್ಟಿಗೆಗೆ ಬಂದು ಸೇರುತ್ತಿಲ್ಲ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ನಮ್ಮ ಕಚೇರಿಯ ಬೀದಿಯ ತಿರುವಿನಲ್ಲಿ ಒಂದು ಹಾಲಿನ ಬೂತ್ ಇದೆ. ನಿಮ್ಮ ಪತ್ರ ಓದಿದ ಮೇಲೆ ಮೂರು ದಿನ ಬೆಳಗಿನ ಆರು ಗಂಟೆಗೆ ಹೋಗಿ ಅಲ್ಲಿ ನಿಂತೆ. ಅರ್ಧ ಲೀಟರಿನ ನೀಲಿ ಪೊಟ್ಟಣಕ್ಕೆ 24 ರೂಪಾಯಿ. ಬೂತ್ ನಡೆಸುವ ಹೆಂಗಸು ಸ್ಟೀಲ್ ತಟ್ಟೆಯಲ್ಲಿ ಒಂದರ, ಎರಡರ, ಐದರ ನಾಣ್ಯಗಳನ್ನು ಬೇರೆ ಬೇರೆ ಗುಡ್ಡೆ ಮಾಡಿಟ್ಟುಕೊಂಡು ವ್ಯಾಪಾರಕ್ಕೆ ಕೂರುತ್ತಾರೆ. ಏಳು ಗಂಟೆ ಹೊಡೆಯುವಷ್ಟರಲ್ಲಿ ಒಂದರ ಗುಡ್ಡೆ ಖಾಲಿ. ಆಮೇಲೆ ಅವರು ಒಂದು ನೋಟ್‌ಬುಕ್ ತೆಗೆಯುತ್ತಾರೆ. 'ಮೂರನೇ ಮನೆ ಅಜ್ಜಿ 1', 'ಇಸ್ತ್ರಿ ಅಂಗಡಿ 6', 'ಕೆಂಪು ಸ್ಕೂಟರ್ 1' ಎಂದು, ಹೆಸರು ಗೊತ್ತಿಲ್ಲದವರ ಬಾಕಿಯನ್ನೂ ಗುರುತು ಹಿಡಿದು ಬರೆದು, ಮರುದಿನ ಕೊಟ್ಟ ಮೇಲೆ ಗೆರೆ ಎಳೆಯುತ್ತಾರೆ. ಗುಡಿಯ ಮುಂದಿನ ಹೂವಿನಂಗಡಿಯಿಂದ ವಾರಕ್ಕೊಮ್ಮೆ, ನೂರು ರೂಪಾಯಿ ಚಿಲ್ಲರೆಗೆ ಐದು ರೂಪಾಯಿ ಹೆಚ್ಚು ತೆತ್ತು ನಾಣ್ಯ ತರುತ್ತಾರಂತೆ. ವರ್ತಕರೆಲ್ಲ ಸೇರಿ ಗಿರಾಕಿಯ ಜೇಬು ಕತ್ತರಿಸುತ್ತಿದ್ದಾರೆ ಎಂದು ನೀವು ಬರೆದ ಮಾತನ್ನು ನಾನು ಒಪ್ಪಲಾರದೆ ಇರುವುದು ಈ ನೋಟ್‌ಬುಕ್ಕನ್ನು ಕಣ್ಣಾರೆ ಕಂಡ ಕಾರಣದಿಂದ.

ಅಲ್ಲಿ ನಿಂತು ನಾನು ಮುಖ್ಯವಾಗಿ ನೋಡಿದ್ದು ತಟ್ಟೆಗೆ ಏನು ಬರುತ್ತದೆ ಎಂಬುದನ್ನು. ಮೊಬೈಲ್ ಇರುವವರು ಸ್ಕ್ಯಾನ್ ಮಾಡಿ ಸರಿಯಾಗಿ 24 ರೂಪಾಯಿ ಹಾಕಿ ಹೋಗುತ್ತಾರೆ. ಯುಪಿಐ ಬಂದದ್ದು 2016ರಲ್ಲಿ. ಅದಕ್ಕೆ ಮೊದಲು ಇದೇ ಜನ ನೋಟಿನ ಜೊತೆಗೆ ಬಿಡಿ ನಾಣ್ಯ ಎಣಿಸಿ ಕೊಡುತ್ತಿದ್ದರು, ಆ ನಾಣ್ಯವೇ ಹಿಂದೆ ನಿಂತವರಿಗೆ ಚಿಲ್ಲರೆಯಾಗಿ ಹೋಗುತ್ತಿತ್ತು. ಈಗ ಅವರ ನಾಣ್ಯಗಳು ಮನೆಯ ಡಬ್ಬಿಯಲ್ಲಿ, ಕಾರಿನ ಸಂದಿಯಲ್ಲಿ, ದೇವರ ಮನೆಯ ಹುಂಡಿಯಲ್ಲಿ ಕುಳಿತಿವೆ. ನಗದು ಕೊಡುವವರಾಗಿ ಉಳಿದಿರುವುದು ನೋಟು ಹಿಡಿದು ಬರುವವರು ಮಾತ್ರ. ಹೀಗಾಗಿ ತಟ್ಟೆಯಿಂದ ನಾಣ್ಯ ಹೊರಗೆ ಹೋಗುತ್ತಲೇ ಇರುತ್ತದೆ, ಒಳಗೆ ಬರುವುದು ಅಪರೂಪ.

ಬರುವ ನೋಟಾದರೂ ಎಂಥದು? 2024ರ ಮಾರ್ಚ್ 31ಕ್ಕೆ ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇ. 86.5ರಷ್ಟು ಐನೂರರ ನೋಟುಗಳಲ್ಲಿತ್ತು. ಎಟಿಎಂ ಕೊಡುವುದೂ ಹೆಚ್ಚಾಗಿ ಅದನ್ನೇ. ದಿನಗೂಲಿಯವರು ಸಂಬಳದ ಐನೂರನ್ನು ಮುರಿಸುವುದು ಇಂಥ ಬೂತಿನಲ್ಲಿ, ಇಲ್ಲವೇ ಬಸ್ಸಿನಲ್ಲಿ. ಎಟಿಎಂಗಳಲ್ಲಿ ನೂರು ಅಥವಾ ಇನ್ನೂರರ ನೋಟು ಸಿಗುವಂತೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಸೂಚಿಸಿ, ಆ ವರ್ಷದ ಸೆಪ್ಟೆಂಬರ್ 30ರೊಳಗೆ ಶೇ. 75 ಎಟಿಎಂಗಳು, 2026ರ ಮಾರ್ಚ್ 31ರೊಳಗೆ ಶೇ. 90 ಎಟಿಎಂಗಳು ಹಾಗಾಗಬೇಕೆಂದು ಗಡುವು ಕೊಟ್ಟಿತು. ಇದು ಸರಿಯಾದ ಹೆಜ್ಜೆ, ಆದರೆ ನೂರರ ನೋಟನ್ನೂ ಯಾರಾದರೂ ಮುರಿದು ಕೊಡಲೇಬೇಕಲ್ಲವೇ?

ನಮ್ಮ ರಾಜ್ಯದಲ್ಲಿ ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ್ದರಿಂದ, 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ತರಕಾರಿ, ಬೀಡಾ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಎಂಬ ಚೀಟಿಗಳು ಕಾಣಿಸಿಕೊಂಡವು. ವರ್ಷಗಳಿಂದ ನಾಣ್ಯ ಬಾರದೆ ಬರಿದಾಗಿದ್ದ ಗಲ್ಲಾ ಪೆಟ್ಟಿಗೆಗಳು ಏಕಾಏಕಿ ನಗದು ವ್ಯಾಪಾರಕ್ಕೆ ಇಳಿಯಬೇಕಾಯಿತು. ಅದಾದ ಎರಡು ತಿಂಗಳಿಗೆ, ಸೆಪ್ಟೆಂಬರ್ 22ರಂದು, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಾಗ ಐದು ರೂಪಾಯಿಯ ಪೊಟ್ಟಣದ ಬೆಲೆ ಲೆಕ್ಕದಲ್ಲಿ 4.45 ಆಯಿತು. ಮೊಬೈಲಿನಲ್ಲಿ 4.45 ಕಳುಹಿಸಬಹುದು. ನಗದು ಕೊಟ್ಟ ಮುದುಕಿಗೆ 55 ಪೈಸೆ ವಾಪಸು ಕೊಡುವುದು ಹೇಗೆ? 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲೇ ಇಲ್ಲ. ಎಂಟಾಣೆ ಕಾನೂನಿನ ಪ್ರಕಾರ ಇಂದಿಗೂ ಚಲಾವಣೆಯ ನಾಣ್ಯವೇ ಆದರೂ ಅಂಗಡಿಗಳಲ್ಲಿ ಅದನ್ನು ಕಂಡವರಿಲ್ಲ. ತೆರಿಗೆ ಇಳಿಸಿದ ಲಾಭ ಮೊಬೈಲ್ ಇದ್ದವರಿಗೆ ಪೂರ್ತಿ ಸಿಕ್ಕಿ, ಇಲ್ಲದವರಿಗೆ ಸಿಗದೆ ಹೋಗುವುದು ಅನ್ಯಾಯ. ಚಿಲ್ಲರೆಯ ಸಮಸ್ಯೆ ಸಣ್ಣದೆಂದು ನಗುವವರು ಈ ಒಂದು ಲೆಕ್ಕವನ್ನು ನೋಡಬೇಕೆಂದು ನನಗೆ ಅನ್ನಿಸುತ್ತದೆ.

ಇನ್ನು ನಿಮ್ಮ ಹತ್ತು ರೂಪಾಯಿ ನಾಣ್ಯದ ವಿಷಯ. ನಾಣ್ಯದ ಮೇಲೆ ಹದಿನೈದು ಗೆರೆಗಳಿದ್ದರೆ ಖೋಟಾ, ಹತ್ತಿದ್ದರೆ ಅಸಲಿ; ರೂಪಾಯಿಯ ಚಿಹ್ನೆ ಇಲ್ಲದಿದ್ದರೆ ನಡೆಯುವುದಿಲ್ಲ: ಈ ವದಂತಿಗಳು ನಮ್ಮ ಊರುಗಳಲ್ಲಿ ವರ್ಷಗಟ್ಟಲೆ ಓಡಾಡಿವೆ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಹೊರಡಿಸಿ, ಅದುವರೆಗೆ ಬಂದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೆಲ್ಲವೂ ಚಲಾವಣೆಗೆ ಅರ್ಹವೆಂದು ಸ್ಪಷ್ಟಪಡಿಸಿದೆ. ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡದ್ದೇ 2010ರಲ್ಲಿ. ಅದಕ್ಕೆ ಮೊದಲು ಟಂಕಿಸಿದ ನಾಣ್ಯದಲ್ಲಿ ಅದು ಇರಲು ಸಾಧ್ಯವೂ ಇಲ್ಲ. ನಿಮ್ಮ ಅಂಗಡಿಯವರು ಆ ನಾಣ್ಯವನ್ನು ತೆಗೆದುಕೊಂಡಿದ್ದರೆ ಹತ್ತು ರೂಪಾಯಿ ವಾಪಸು ಕೊಡಬೇಕಾದ ಮುಂದಿನ ಗಿರಾಕಿಗೆ ಅದೇ ಚಿಲ್ಲರೆಯಾಗುತ್ತಿತ್ತು. ಹತ್ತರ ನಾಣ್ಯವನ್ನು ತಿರಸ್ಕರಿಸುತ್ತ ಚಿಲ್ಲರೆ ಇಲ್ಲವೆಂದು ಹೇಳುವುದು ಸಲ್ಲದು ಎಂಬುದನ್ನು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಬ್ಯಾಂಕುಗಳ ಮೇಲೂ ಈ ಹೊಣೆ ಇದೆ. ನಾಣ್ಯ ಎಣಿಸಲು ಜನವಿಲ್ಲವೆಂದು ಕೌಂಟರಿನಿಂದ ಹಿಂದಿರುಗಿಸುವ ಶಾಖೆಗಳ ಬಗ್ಗೆ ನಮಗೆ ಬೇರೆ ಓದುಗರೂ ಬರೆದಿದ್ದಾರೆ. ನಾಣ್ಯಗಳನ್ನು ಜಮೆಗಾಗಲಿ ಬದಲಾವಣೆಗಾಗಲಿ ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಶಾಖೆಗಳಿಗೂ ಸೂಚಿಸಿದೆ, ನೂರು ನಾಣ್ಯಗಳ ಪೊಟ್ಟಣ ಕಟ್ಟಿ ತಂದರೆ ಇಬ್ಬರಿಗೂ ಅನುಕೂಲ.

ಕಾನೂನಿನ ಪ್ರಶ್ನೆಗೆ ನಿಮಗೆ ಸಮಾಧಾನವಾಗುವ ಉತ್ತರ ನನ್ನಲ್ಲಿ ಅರ್ಧದಷ್ಟೇ ಇದೆ. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೆ, ಎಂಟಾಣೆಗಳಲ್ಲಿ ಹತ್ತು ರೂಪಾಯಿವರೆಗೆ ಪಾವತಿ ಮಾಡಬಹುದು. ಆದರೆ ಅಂಗಡಿಯವರು ಚಿಲ್ಲರೆ ಇಟ್ಟುಕೊಂಡಿರಲೇಬೇಕು ಎಂದು ಆ ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ಚಾಕೊಲೇಟು ಮಾತ್ರ ಹಣವಲ್ಲ. ಅದನ್ನು ಬೇಡವೆನ್ನುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ಕೇಳದ ವಸ್ತುವನ್ನು ಗಿರಾಕಿಯ ಕೈಗೆ ತುರುಕುವುದು ವ್ಯಾಪಾರವಾಗುತ್ತದೆಯೇ ಹೊರತು ಬಾಕಿ ತೀರಿಸಿದಂತಾಗುವುದಿಲ್ಲ. 'ಬೇಡ, ಪುಸ್ತಕದಲ್ಲಿ ಬರೆದಿಡಿ, ನಾಳೆ ಬಂದಾಗ ಕೊಡಿ' ಎಂದು ಶಾಂತವಾಗಿ ಹೇಳಿ ನೋಡಿ. ಡ್ರಾಯರಿನಲ್ಲಿರುವ ಮೂವತ್ತನ್ನೂ ಒಯ್ದು ಅವರ ಮುಂದಿಡಿ. ಕೊಟ್ಟ ಬೆಲೆಗೇ ವಾಪಸು ತೆಗೆದುಕೊಳ್ಳಿ ಎಂದು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಬಸ್ಸಿನಲ್ಲಿ ನಿಮ್ಮ ನಿಲ್ದಾಣಕ್ಕೆ ಎರಡು ನಿಲ್ದಾಣ ಮೊದಲೇ ಟಿಕೆಟ್ ತೋರಿಸಿ ಕೇಳಿ. 2025ರ ಜನವರಿ 5ರಿಂದ ದರ ಶೇ. 15 ಏರಿದ ಮೇಲೆ ನಿರ್ವಾಹಕರ ಚೀಲಕ್ಕೆ ಬೇಕಾಗುವ ಬಿಡಿ ನಾಣ್ಯ ಇನ್ನಷ್ಟು ಹೆಚ್ಚಿದೆ ಎಂಬುದನ್ನೂ ನೆನಪಿಡಿ. ಮನೆಯ ಡಬ್ಬಿಯಲ್ಲಿ ನಾಣ್ಯಗಳಿದ್ದರೆ ವಾರಕ್ಕೊಮ್ಮೆ ಒಂದು ಹಿಡಿ ತಂದು ಖರ್ಚು ಮಾಡಿ ಎಂದು ಎಲ್ಲ ಓದುಗರಲ್ಲೂ ಕೇಳಿಕೊಳ್ಳುತ್ತೇನೆ.

ಕೊನೆಗೆ ನಿಮ್ಮ ದೂರು. ನಮ್ಮ ಪತ್ರಿಕೆಯ ಬೆಲೆ 18 ರೂಪಾಯಿ, ಆದರೆ ನಿಮ್ಮ ಬಸ್ ನಿಲ್ದಾಣದ ಅಂಗಡಿಯಲ್ಲಿ 20 ಕೊಟ್ಟರೆ ಎರಡು ರೂಪಾಯಿ ವಾಪಸು ಬರುವುದಿಲ್ಲ ಎಂದಿದ್ದೀರಿ. ವಿಚಾರಿಸಿದೆ, ನಿಜ. ಬೆಲೆಯನ್ನು 20ಕ್ಕೆ ಏರಿಸಿಬಿಡೋಣ ಎಂಬ ಸಲಹೆ ಪ್ರಸರಣ ವಿಭಾಗದಿಂದ ಬಂದಿತ್ತು, ಓದುಗರ ಎರಡು ರೂಪಾಯಿಯನ್ನು ಅಂಗಡಿಯವರ ಬದಲು ನಾವೇ ಇಟ್ಟುಕೊಂಡಂತಾಗುತ್ತದೆ ಎಂದು ಅದನ್ನು ಒಪ್ಪಲಿಲ್ಲ. ಬದಲಿಗೆ, ಎರಡು ರೂಪಾಯಿಯ ನೂರು ನಾಣ್ಯಗಳ ಪೊಟ್ಟಣಗಳನ್ನು ನಮ್ಮ ಬ್ಯಾಂಕಿನಿಂದ ತಂದು, ಪತ್ರಿಕೆಯ ಕಟ್ಟಿನ ಜೊತೆಗೇ ಏಜೆಂಟರಿಗೆ ಕಳುಹಿಸಿ ಅವರ ಲೆಕ್ಕಕ್ಕೆ ಹಚ್ಚುವ ಏರ್ಪಾಡು ಮಾಡಿದ್ದೇವೆ. ಅರಸೀಕೆರೆಗೆ ಮೊದಲ ಎರಡು ಪೊಟ್ಟಣಗಳು ಈ ಸಂಚಿಕೆಯ ಜೊತೆಗೆ ಬರುತ್ತಿವೆ. ಆಮೇಲೂ ನಿಮಗೆ ಎರಡು ರೂಪಾಯಿ ಸಿಗದಿದ್ದರೆ ದಯವಿಟ್ಟು ಮತ್ತೆ ಬರೆಯಿರಿ.

ಸಂಪಾದಕ