ರೈಲಿನಲ್ಲಿ ಬೈದರೆ, ಆಫೀಸಿನಲ್ಲಿ ಅಣಕಿಸಿದರೆ: ಸಿಡ್ನಿಗೆ ಹೊಸಬರಿಗೆ

ರೈಲಿನಲ್ಲಿ ಯಾರೋ ‘ನಿನ್ನ ದೇಶಕ್ಕೆ ವಾಪಸ್ ಹೋಗು’ ಅಂದರು, ಆಫೀಸಿನಲ್ಲಿ ಸೂಪರ್‌ವೈಸರ್ ದಿನಾ ನಿಮ್ಮ ಉಚ್ಚಾರಣೆಯನ್ನು ಅಣಕಿಸುತ್ತಾನೆ, ವೀಸಾ ಕಂಪನಿ ಕೊಡಿಸಿದ್ದು, ಹಾಗಾಗಿ ಬಾಯಿ ಮುಚ್ಚಿಕೊಂಡಿರಬೇಕಾ ಅಂತ ಕೇಳಿದ್ದೀರಿ. ಬೇಕಾಗಿಲ್ಲ. ಆದರೆ ಸಿಟ್ಟಿನಲ್ಲಿ ಮಾತಾಡಲೂಬೇಡಿ. ಇದಕ್ಕೆ ಇದೇ ಊರಲ್ಲಿ ಒಬ್ಬ ಬಾಕ್ಸರ್ ದಾರಿ ತೋರಿಸಿ ಹೋಗಿದ್ದಾನೆ.

ಕಿಂಗ್ಸ್ ಕ್ರಾಸ್ ದಾಟಿ ಎಡ್ಜ್‌ಕ್ಲಿಫ್ ಕಡೆ ಹೋಗುವಾಗ ರೈಲು ಒಂದು ಗಳಿಗೆ ಬೆಳಕಿಗೆ ಬರುತ್ತದಲ್ಲ, ಅದು ರಷ್‌ಕಟರ್ಸ್ ಬೇ. ಅಲ್ಲಿದ್ದ ಸ್ಟೇಡಿಯಂ ಅನ್ನು ಈ ರೈಲು ಮಾರ್ಗಕ್ಕಾಗಿಯೇ 1970ರಲ್ಲಿ ಕೆಡವಿದರು. 1908ರ ಡಿಸೆಂಬರ್ 26ರಂದು ಅಲ್ಲಿ ಟೆಕ್ಸಸ್‌ನ ಜಾಕ್ ಜಾನ್ಸನ್, ಆಗಿನ ವಿಶ್ವ ಚಾಂಪಿಯನ್, ಕೆನಡಾದ ಟಾಮಿ ಬರ್ನ್ಸ್‌ನನ್ನು ಸೋಲಿಸಿ, ಹೆವಿವೇಟ್ ವಿಶ್ವಪಟ್ಟ ಗೆದ್ದ ಮೊದಲ ಕಪ್ಪು ಬಾಕ್ಸರ್ ಆದ. ಬಿಳಿ ಹೆವಿವೇಟ್ ಚಾಂಪಿಯನ್‌ಗಳು ಕಪ್ಪು ಬಾಕ್ಸರ್‌ಗಳಿಗೆ ಪಟ್ಟದ ಪಂದ್ಯವನ್ನೇ ಕೊಡದ ಕಾಲ. ಜಾನ್ಸನ್ ಲಂಡನ್ನಿಗೂ, ಅಲ್ಲಿಂದ ಇಲ್ಲಿಗೂ ಬರ್ನ್ಸ್‌ನ ಬೆನ್ನು ಬಿಡದೆ ಬಂದ. ಬರ್ನ್ಸ್‌ಗೆ 30,000 ಡಾಲರ್, ಇವನಿಗೆ 5,000. ಪಂದ್ಯ ಏರ್ಪಡಿಸಿದ ಮೆಕಿಂಟಾಷ್‌ನೇ ರೆಫರಿ. ಎಲ್ಲಕ್ಕೂ ಒಪ್ಪಿಕೊಂಡ, ಅವನಿಗೆ ಬೇಕಿದ್ದದ್ದು ರಿಂಗ್‌ನೊಳಗೆ ಕಾಲಿಡುವುದು.

ಬರ್ನ್ಸ್ ಬಣ್ಣ ಎತ್ತಿ ಬೈದ, ಪ್ರೇಕ್ಷಕರೂ ಬೈದರು. ಜಾನ್ಸನ್ ನಗುತ್ತಾ ಮಾತಿಗೆ ಮಾತು ಕೊಟ್ಟ, ಕೈಯ ಲೆಕ್ಕ ಮಾತ್ರ ತಪ್ಪಿಸಲಿಲ್ಲ. ಬರುವ ಏಟನ್ನು ತೆರೆದ ಗ್ಲೌಸ್‌ನಲ್ಲಿ ತಡೆಯುವುದು, ಹತ್ತಿರ ಬಂದರೆ ಎದುರಾಳಿಯ ತೋಳಿನ ಸ್ನಾಯು ಅದುಮಿ ಹಿಡಿಯುವುದು, ಬಿಟ್ಟ ತಕ್ಷಣ ಕೆಳಗಿನಿಂದ ಗದ್ದಕ್ಕೆ ಗುದ್ದುವುದು. 14ನೇ ಸುತ್ತಿನಲ್ಲಿ ಪೊಲೀಸರು ಪಂದ್ಯ ನಿಲ್ಲಿಸಿದರು.

ಅವನ ತಾಳ್ಮೆ ಕಲಿಯಿರಿ, ಕೆಣಕಾಟ ಬೇಡ. ಅದಕ್ಕೆ ಅವನು ತೆತ್ತ ಬೆಲೆ ದೊಡ್ಡದು: ವರ್ಣದ್ವೇಷದಿಂದ ಅವನ ಮೇಲೆ ಹೂಡಿದ ಮೊಕದ್ದಮೆಯಲ್ಲಿ 1913ರಲ್ಲಿ ಶಿಕ್ಷೆಯಾಯಿತು, ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ, ಸತ್ತು ಎಷ್ಟೋ ವರ್ಷಗಳ ಮೇಲೆ. ಅಂದು ಕಾನೂನೇ ಅವನಿಗೆ ಎದುರಾಗಿತ್ತು. ನಿಮಗೆ ಇಲ್ಲಿ 1975ರ ಜನಾಂಗ ತಾರತಮ್ಯ ನಿಷೇಧ ಕಾಯ್ದೆ ಇದೆ.

ರೈಲಿನಲ್ಲಾದರೆ ವಾದಕ್ಕಿಳಿಯದೆ ಬೇರೆ ಬೋಗಿಗೆ ಹೋಗಿ. ಬೋಗಿ ಸಂಖ್ಯೆ, ಸಮಯ, ಸ್ಟೇಷನ್ ಬರೆದುಕೊಳ್ಳಿ. ಕೈ ಎತ್ತಿದರೆ, ಬೆದರಿಸಿದರೆ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಅಪಾಯ ಕಳೆದ ಮೇಲೆ ಪೊಲೀಸರಿಗೆ ದೂರು ಕೊಡಲು 131 444.

ಆಫೀಸಿನದ್ದೇ ಕಷ್ಟದ ಭಾಗ. ಸೂಪರ್‌ವೈಸರ್ ಅಂದ ಮಾತನ್ನು ಅಂದಂತೆಯೇ, ತಾರೀಕು, ಗಂಟೆ, ಪಕ್ಕದಲ್ಲಿ ಯಾರಿದ್ದರು ಎಂಬುದರ ಸಮೇತ ಅದೇ ದಿನ ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿಯ ಕಡತಗಳನ್ನು ಅದಕ್ಕೆ ಲಗತ್ತಿಸಬೇಡಿ, ನಿಮ್ಮನ್ನು ತೆಗೆಯಲು ಅದೇ ನೆಪವಾದೀತು. ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡಲೂಬೇಡಿ; ಖಾಸಗಿ ಮಾತುಕತೆಯನ್ನು ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ನ್ಯೂ ಸೌತ್ ವೇಲ್ಸ್‌ನಲ್ಲಿ ಸಾಮಾನ್ಯವಾಗಿ ಅಪರಾಧ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ನಾಲ್ಕೈದು ಘಟನೆ ಸೇರಿದ ಮೇಲೆ ಎಚ್‌ಆರ್‌ಗೆ ಬರವಣಿಗೆಯಲ್ಲೇ ದೂರು ಕೊಡಿ. ‘ಅವನು ಜನಾಂಗದ್ವೇಷಿ’ ಅಂತ ಬರೆಯಬೇಡಿ, ಅವನ ಮಾತುಗಳನ್ನಷ್ಟೇ ಬರೆಯಿರಿ. ಹಣೆಪಟ್ಟಿ ಹಚ್ಚಿದರೆ ಚರ್ಚೆ ಹಣೆಪಟ್ಟಿಯ ಮೇಲೇ ಸುತ್ತುತ್ತದೆ.

ಅಲ್ಲೂ ಆಗದಿದ್ದರೆ ಆಸ್ಟ್ರೇಲಿಯಾ ಮಾನವ ಹಕ್ಕುಗಳ ಆಯೋಗ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಘಟನೆ ನಡೆದ 24 ತಿಂಗಳೊಳಗೆ ಕೊಡಿ. ಅವರು ರಾಜಿ ಮಾಡಿಸುತ್ತಾರೆ, ತೀರ್ಪು ಕೊಡುವುದಿಲ್ಲ. ಶಿಕ್ಷೆ ಕೊಡಿಸುತ್ತಾರೆಂದು ಹೋದವರಿಗೆ ನಿರಾಸೆಯಾಗುತ್ತದೆ. ಕೆಲಸದಿಂದ ತೆಗೆದರೆ, ಕೆಲಸದ ವ್ಯಾಜ್ಯ ನೋಡುವ ಫೇರ್ ವರ್ಕ್ ಕಮಿಷನ್‌ಗೆ 21 ದಿನದೊಳಗೆ ಅರ್ಜಿ ಹೋಗಬೇಕು. ತಡವಾದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

‘ವೀಸಾ ರದ್ದು ಮಾಡಿಸ್ತೀನಿ’ ಅಂತ ಹೆದರಿಸಿದರೆ ನೆನಪಿಡಿ, ಅದು ಗೃಹ ಇಲಾಖೆಯ ಕೈಯಲ್ಲಿದೆ, ಕಂಪನಿಯ ಕೈಯಲ್ಲಿಲ್ಲ. ನಿಮ್ಮದು ಕಂಪನಿ ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ, ಅಂದರೆ 482 ಆಗಿದ್ದರೆ ಕೆಲಸ ನಿಂತ ಮೇಲೆ ಬೇರೆ ಸ್ಪಾನ್ಸರ್ ಹುಡುಕಲು ಒಂದು ಸಲಕ್ಕೆ 180 ದಿನ ಇರುತ್ತದೆ. ಆದ್ದರಿಂದ ರೋಸಿಹೋಗಿ ರಾಜೀನಾಮೆ ಬರೆಯಬೇಡಿ. ಬರೆದರೆ ಆ 180 ದಿನದ ಎಣಿಕೆ ಶುರುವಾಗುತ್ತದೆ, ‘ತೆಗೆದುಹಾಕಿದರು’ ಎಂದು ವಾದಿಸುವುದೂ ಕಷ್ಟವಾಗುತ್ತದೆ.