ಓದುಗರ ಪ್ರಶ್ನೆ: ಹುಲಿ ಇಲ್ಲದ ಕಾಡಲ್ಲಿ ಚಿರತೆಗೆ ಯಾರ ಭಯ?

ಹೋದ ಸಂಚಿಕೇಲಿ ಶ್ರೀಲಂಕಾದ ಕಾಡು ಸುತ್ತಿ ಬಂದ ಕಥೆ ಬರೆದಿದ್ದೆ, ಅದಕ್ಕೆ ಬಂದಿರೋ ಪತ್ರ, ವಾಟ್ಸಾಪ್ ಎಲ್ಲಾ ಸೇರಿ ಒಂದು ಚೀಲ ಆಗಿದೆ. ಕೆಲವಕ್ಕೆ ಮಾತ್ರ ಇಲ್ಲಿ ಉತ್ತರ.

ಸರ್, ಲಂಕಾದ ಯಾಲಾ ಕಾಡಲ್ಲಿ ಚಿರತೆ ಹಾಡುಹಗಲೇ ಬಂಡೆ ಮೇಲೆ ಮಲಗಿರೋ ಫೋಟೋ ಹಾಕಿದ್ರಿ. ನಮ್ಮ ಕಬಿನಿ ಕಡೆ ಎಲೆ ಮಧ್ಯೆ ನೇತಾಡೋ ಬಾಲ ನೋಡಿ ಚಿರತೆ ಹುಡುಕಬೇಕು. ಅಲ್ಲಿಯವಕ್ಕೆ ಭಯ ಇಲ್ವಾ? (ಎಚ್.ಡಿ. ಕೋಟೆಯಿಂದ)

ಭಯ ಯಾರದ್ದು ಹೇಳಿ? ಲಂಕಾದಲ್ಲಿ ಹುಲಿ ಇಲ್ಲ, ಸೀಳುನಾಯಿನೂ ಇಲ್ಲ. ನಿಮ್ಮ ನಾಗರಹೊಳೆ ಚಿರತೆ ಒಂದು ಜಿಂಕೆ ಹೊಡೆದ್ರೆ ಹುಲಿ ಬರೋದ್ರೊಳಗೆ, ಸೀಳುನಾಯಿ ಗುಂಪು ಬರೋದ್ರೊಳಗೆ ಅದನ್ನ ಮರಕ್ಕೆ ಏರಿಸ್ಬೇಕು, ಇಲ್ಲಾಂದ್ರೆ ಊಟಾನೂ ಹೋಯ್ತು, ಕೆಲವು ಸಲ ಜೀವಾನೂ ಹೋಯ್ತು. ಲಂಕಾ ಚಿರತೆಗೆ ಆ ತಾಪತ್ರಯಾನೇ ಇಲ್ಲ, ಬೇಟೆನ ಮರಕ್ಕೆ ಎಳ್ಕೊಂಡು ಹೋಗೋದು ಅಪರೂಪ, ನೆಲದ ಮೇಲೇ ಆರಾಮಾಗಿ ತಿನ್ನುತ್ತೆ. ಅಲ್ಲಿ ಅದಕ್ಕೆ 'ಕೊಟಿಯಾ' ಅಂತಾರೆ, ಉಪಜಾತಿನೇ ಬೇರೆ.

ನಾನು ಆ ಫೋಟೋ ತೆಗೆದಾಗ ಸಂಜೆ ಐದು ಗಂಟೆ, ಬಂಡೆ ಇನ್ನೂ ಬಿಸಿ ಇತ್ತು ಅನ್ಸುತ್ತೆ, ಹೊಟ್ಟೆ ಅಂಟಿಸ್ಕೊಂಡು ಮಲಗಿತ್ತು, ಕೆಳಗೆ ಜಿಂಕೆ ಕೂಗಿ ಕೂಗಿ ಗಂಟಲು ಹರ್ಕೊಳ್ತಿದ್ರೂ ಒಂದು ಕಿವಿ ಮಾತ್ರ ತಿರುಗಿಸ್ತು, ಅಷ್ಟೇ. ಫೋಟೋದಲ್ಲಿ ಕಾಣದೇ ಇರೋದು ಏನಂದ್ರೆ ನಮ್ಮ ಹಿಂದೆ ಸಾಲಾಗಿ ನಿಂತಿದ್ದ ಜೀಪುಗಳು. ಒಬ್ಬ ಡ್ರೈವರ್‌ಗೆ ಚಿರತೆ ಕಂಡ್ರೆ ಸಾಕು, ಫೋನ್ ಹೊಡೀತಾನೆ, ಐದೇ ನಿಮಿಷಕ್ಕೆ ಧೂಳೆಬ್ಬಿಸ್ಕೊಂಡು ಎಲ್ಲಾರೂ ಹಾಜರ್, ಸಿಲ್ಕ್ ಬೋರ್ಡ್ ಸಿಗ್ನಲ್ ನೆನಪಾಯ್ತು. ಯಾಲಾ ಒಟ್ಟು 979 ಚದರ ಕಿಮೀ ಇದ್ರೂ ಜನ ಎಲ್ಲಾ ನುಗ್ಗೋದು ಸುಮಾರು 140 ಚದರ ಕಿಮೀ ಇರೋ ಒಂದನೇ ಬ್ಲಾಕಿಗೆ. ನನ್ನನ್ನ ಕೇಳಿದ್ರೆ ವಿಲ್ಪಟ್ಟು ವಾಸಿ. ಯಾಲಾ ಥರಾನೇ ಅದೂ 1938ರಲ್ಲಿ ರಾಷ್ಟ್ರೀಯ ಉದ್ಯಾನ ಆಗಿದ್ದು, ಅದಕ್ಕಿಂತ ದೊಡ್ಡದು, ಲಂಕಾದ ಅಂತರ್ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಬಾಗಿಲು ಮುಚ್ಚಿತ್ತು. ಕಾಡಿನ ಮಧ್ಯೆ ಮಧ್ಯೆ ಮಳೆನೀರು ನಿಂತ ತಗ್ಗುಗಳಿವೆ, ಸುತ್ತ ಬಿಳಿ ಮರಳು, ಅದಕ್ಕೆ 'ವಿಲ್ಲು' ಅಂತಾರೆ. ಚಿರತೆ ಸಿಗದೇ ಇರಬಹುದು, ಆದ್ರೆ ಸಿಕ್ಕಿದ್ರೆ ನಿಮ್ಮದೊಂದೇ ಜೀಪು.

ಹಿಂದೆ ಒಂದೇ ನೆಲ ಆಗಿತ್ತು ಅಂತೀರಲ್ಲ, ಹಂಗಾದ್ರೆ ಹುಲಿ ಯಾಕೆ ದಾಟಲಿಲ್ಲ? (ತುಮಕೂರಿಂದ)

ದಾಟಿತ್ತು! ಹಿಮಯುಗದಲ್ಲಿ ಸಮುದ್ರ ಕೆಳಗಿಳಿದಾಗ ಭಾರತಕ್ಕೂ ಲಂಕಾಕ್ಕೂ ನೆಲ ಸೇರ್ಕೊಂಡಿತ್ತು. ಹುಲಿದು, ಸಿಂಹದ್ದು, ಕಾಟಿದು, ಮೂರರ ಪಳೆಯುಳಿಕೆನೂ ಅಲ್ಲಿ ಸಿಕ್ಕಿವೆ, ಈಗ ಮೂರೂ ಇಲ್ಲ. ಬಾವುಟದಲ್ಲಿ ಮಾತ್ರ ಸಿಂಹ ಉಳಿದಿದೆ. ಅಂದಹಾಗೆ ನಿಮ್ಮ ಜಿಲ್ಲೆ ಕಾಡುಪಾಪದ (ದೊಡ್ಡ ಕಣ್ಣಿನ, ರಾತ್ರಿ ಓಡಾಡೋ ಪುಟ್ಟ ಪ್ರಾಣಿ) ನೆಂಟರು ಅಲ್ಲೂ ಇದ್ದಾರೆ, ಬೆಟ್ಟದ ಮೇಲಿನ ಹಾರ್ಟನ್ ಪ್ಲೇನ್ಸ್ ಕಡೆ ಇರೋದಂತೂ ಎಷ್ಟೋ ದಶಕ ಕಣ್ಣಿಗೇ ಬೀಳದೆ ಇದ್ದು, ಅದರ ಫೋಟೋ ಹೊರಗೆ ಬಂದಿದ್ದೇ 2010ರಲ್ಲಿ.

ಮಿನ್ನೇರಿಯಾ ಕೆರೆ ಫೋಟೋದಲ್ಲಿ ಅಷ್ಟು ಆನೆ ಇದಾವೆ, ಒಂದಕ್ಕೂ ದಂತ ಇಲ್ಲ, ಎಲ್ಲಾ ಹೆಣ್ಣಾ? (ಗುಂಡ್ಲುಪೇಟೆಯಿಂದ)

ಅಲ್ಲ ಸ್ವಾಮಿ. ಲಂಕಾದಲ್ಲಿ ಹತ್ತು ಗಂಡಾನೆ ನಿಲ್ಸಿದ್ರೆ ಒಂಬತ್ತಕ್ಕೂ ಹೆಚ್ಚು ದಂತ ಇಲ್ಲದವು, ನಮ್ಮ ಕಡೆ ಮಕ್ನಾ ಅಂತೀವಲ್ಲ ಅದೇ. ಫೋಟೋದಲ್ಲಿ ಬಲಗಡೆ ತುದೀಲಿ ಒಂದು ದೂರ ನಿಂತಿದೆ ನೋಡಿ, ಸೊಂಡಿಲು ಶುರುವಾಗೋ ಜಾಗದಲ್ಲಿ ಉಬ್ಬು ಕಾಣುತ್ತೆ, ಅದು ಗಂಡು. ಆ ಕೆರೆ ಕಟ್ಟಿಸಿದ್ದು ಮಹಾಸೇನ ಅನ್ನೋ ರಾಜ, ಮೂರನೇ ಶತಮಾನದಲ್ಲಿ, ಭತ್ತಕ್ಕೆ ನೀರು ಬೇಕು ಅಂತ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನೀರು ಇಳಿದಾಗ ಕೆರೆ ಅಂಗಳದಲ್ಲಿ ಹಸಿರು ಹುಲ್ಲು ಬರುತ್ತೆ, ಸುತ್ತಲಿನ ಕಾಡೆಲ್ಲಾ ಒಣಗಿರುತ್ತೆ, ಆನೆ ಗುಂಪು ಗುಂಪಾಗಿ ಅಲ್ಲಿಗೇ ಬರ್ತವೆ. ಏಪ್ರಿಲ್–ಮೇನಲ್ಲಿ ಕಬಿನಿ ಹಿನ್ನೀರಲ್ಲಿ ನೋಡ್ತೀರಲ್ಲ, ಅದೇ ಲೆಕ್ಕ, ತಿಂಗಳು ಬೇರೆ. ಒಂದೇ ಸಮಸ್ಯೆ ಏನಂದ್ರೆ ಮೇಲಿನ ಮೊರಗಹಕಂದ ಅಣೆಕಟ್ಟೆಯಿಂದ ನೀರು ಬಿಟ್ಟು ಬೇಸಿಗೇಲೂ ಕೆರೆ ತುಂಬಿಸಿಟ್ರೆ ಹುಲ್ಲಿಗೆ ಜಾಗ ಇರಲ್ಲ, ರೈತರಿಗೆ ನೀರೂ ಬೇಕು, ಆನೆಗೆ ಹುಲ್ಲೂ ಬೇಕು, ಈ ಜಗಳ ನಮಗೇನು ಹೊಸದಲ್ಲ ಬಿಡಿ.

ಹಾರ್ಟನ್ ಪ್ಲೇನ್ಸ್ ನಮ್ಮ ಕುದುರೆಮುಖ ಥರಾನೇ ಇದೆಯಂತೆ, ಅಷ್ಟು ದೂರ ಹೋಗ್ಬೇಕಾ? (ಕಳಸದಿಂದ)

ಹೋಗ್ಬೇಕು. ಹುಲ್ಲುಗಾವಲು, ಮಧ್ಯೆ ಶೋಲಾ ಕಾಡು, ಅಷ್ಟು ನಿಜ, ಪಶ್ಚಿಮ ಘಟ್ಟಾನೂ ಲಂಕಾನೂ ಸೇರಿ ಒಂದೇ ಜೀವವೈವಿಧ್ಯ ತಾಣ ಅಂತ ಲೆಕ್ಕ ಹಾಕೋದು ಅದಕ್ಕೇ. ಆದ್ರೆ ಇದು 2100 ಮೀಟರ್ ಮೇಲಿದೆ, ಕುದುರೆಮುಖದ ತುದಿಗಿಂತ ಎತ್ತರ, ಕೆಂಪು ರೊಡೊಡೆಂಡ್ರಾನ್ ಹೂವು ಬಿಡೋ ಸೊಟ್ಟ ಸೊಟ್ಟ ಮರಗಳು, ಅದರ ದಾಯಾದಿ ನೀಲಗಿರೀಲಿದೆ. ಗೇಟಲ್ಲಿ ಬ್ಯಾಗ್ ಚೆಕ್ ಮಾಡಿ ಬಿಸ್ಕೆಟ್ ಪ್ಯಾಕೆಟ್‌ನ ಪ್ಲಾಸ್ಟಿಕ್ ಕಿತ್ಕೊಂಡು ಪೇಪರ್ ಕವರ್‌ಗೆ ಹಾಕಿ ಕೊಡ್ತಾರೆ, ನಮ್ಮ ಚಾರ್ಮಾಡಿ ತಿರುವಲ್ಲೂ ಯಾರಾದ್ರೂ ಹಂಗೆ ನಿಂತಿದ್ರೆ ಅನ್ನಿಸ್ತು. 'ವರ್ಲ್ಡ್ಸ್ ಎಂಡ್' ಅನ್ನೋ ಪ್ರಪಾತ ಸುಮಾರು 870 ಮೀಟರ್ ಆಳ, ಒಂಬತ್ತು ಗಂಟೆ ಮೀರಿದ್ರೆ ಮಂಜು ಮುಚ್ಚುತ್ತೆ, ನಾನು ಹತ್ತಕ್ಕೆ ಹೋಗಿ ಬಿಳಿ ಗೋಡೆ ನೋಡ್ಕೊಂಡು ಚಪಾತಿ ತಿಂದು ಬಂದೆ.

ಯಾಲಾದಲ್ಲಿ ಜೀಪಿಂದ ಇಳೀಬಹುದಾ? ನಮ್ಮ ಅಪ್ಪಾಜಿಗೆ ಮಂಡಿ ನೋವು. (ದಾವಣಗೆರೆಯಿಂದ)

ಕಾಡೊಳಗೆ ಇಳಿಯೋ ಹಂಗಿಲ್ಲ. ಪಟನಂಗಲ ಬೀಚಲ್ಲಿ ಮಾತ್ರ ಇಳಿಸ್ತಾರೆ, ಅಪ್ಪಾಜಿ ಅಲ್ಲಿ ಕಾಲು ಚಾಚಿ ಕೂರ್ಲಿ. ಅಲ್ಲೇ ಒಂದು ಬಂಗಲೆಯ ತಳಪಾಯ ಇದೆ, ಮೇಲಿದ್ದದ್ದನ್ನೆಲ್ಲಾ 2004ರ ಡಿಸೆಂಬರ್ 26ರ ಸುನಾಮಿ ಒಯ್ದಿದೆ. ಸೆಪ್ಟೆಂಬರ್‌ನಲ್ಲಿ ಟಿಕೆಟ್ ಮಾಡಿಸ್ಬೇಡಿ, ಬರಗಾಲ ಅಂತ ಸಾಮಾನ್ಯವಾಗಿ ಒಂದನೇ ಬ್ಲಾಕ್ ಮುಚ್ಚಿರ್ತಾರೆ.