ವಾರಿಸ್ ಹುಸೇನ್ ಬಗ್ಗೆ ನೀವು ಕೇಳಿದ್ದಕ್ಕೆ

ಬಿಬಿಸಿಯ ವೈಜ್ಞಾನಿಕ ಕಾಲ್ಪನಿಕ ಟೆಲಿವಿಷನ್ ಸರಣಿ ‘ಡಾಕ್ಟರ್ ಹೂ’ವಿನ ಮೊದಲ ನಿರ್ದೇಶಕರು ಭಾರತದವರೇ, ಆಮೇಲೆ ಅವರು ಏನು ಮಾಡಿದರು ಎಂದು ಕೇಳಿದ್ದೀರಿ. ಹೌದು, ವಾರಿಸ್ ಹುಸೇನ್ ಹುಟ್ಟಿದ್ದು 1938ರಲ್ಲಿ, ಲಖನೌದಲ್ಲಿ. ತಾಯಿ ಲೇಖಕಿ ಅತಿಯಾ ಹುಸೇನ್. ಇಂಗ್ಲೆಂಡಿಗೆ ಹೋದ ಮೇಲೆ ತಾಯಿ ಬಿಬಿಸಿ ರೇಡಿಯೊದಲ್ಲಿ ಕೆಲಸ ಮಾಡಿದರು. ಮಗ ಕೇಂಬ್ರಿಜ್‌ನಲ್ಲಿ ಓದಿ ಬಿಬಿಸಿ ಟೆಲಿವಿಷನ್ ಸೇರಿದರು.

1963ರ ಆ ಮೊದಲ ಕಂತಿನ ಹಿಂದಿನ ಶ್ರಮವನ್ನು ಹೇಳಲೇಬೇಕು. ಲಂಡನ್ನಿನ ಲೈಮ್ ಗ್ರೋವ್‌ನಲ್ಲಿದ್ದ ಬಿಬಿಸಿಯ ಇಕ್ಕಟ್ಟಾದ ಸ್ಟುಡಿಯೊ, ಎಳೆದಾಡಲು ಭಾರವಾದ ಕ್ಯಾಮೆರಾಗಳು. ಚಿತ್ರೀಕರಿಸಿದ ಕಂತು ಮೇಲಧಿಕಾರಿ ಸಿಡ್ನಿ ನ್ಯೂಮನ್ ಅವರಿಗೆ ಒಪ್ಪಿಗೆಯಾಗದೆ, ಇಡೀ ಕಂತನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ನಿರ್ದೇಶಕರಿಗೆ ಆಗ ಇನ್ನೂ 25 ತುಂಬಿರಲಿಲ್ಲ! ಪ್ರಸಾರವಾದದ್ದು ನವೆಂಬರ್ 23ರಂದು, ಕೆನಡಿ ಹತ್ಯೆಯ ಮರುದಿನ.

ಆದರೆ ಅವರನ್ನು ಅದೊಂದಕ್ಕೇ ಕಟ್ಟಿಹಾಕುವುದು ಅನ್ಯಾಯ. ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ ಅವರ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಡೇವಿಡ್ ಲೀನ್ ಚಲನಚಿತ್ರ ಮಾಡುವುದಕ್ಕೆ ಸುಮಾರು ಎರಡು ದಶಕ ಮೊದಲೇ, 1965ರಲ್ಲಿ, ಇವರು ಟೆಲಿವಿಷನ್‌ಗೆ ತಂದರು, ಅಜೀಜ್ ಪಾತ್ರದಲ್ಲಿ ಜಿಯಾ ಮೊಹಿಯುದ್ದೀನ್. 1971ರಲ್ಲಿ ಅವರ ನಿರ್ದೇಶನದ ‘ಮೆಲೊಡಿ’ ಚಲನಚಿತ್ರ ಬಂತು. ದೊರೆ ಎಂಟನೇ ಎಡ್ವರ್ಡ್ ಕುರಿತು ಅವರು ನಿರ್ದೇಶಿಸಿದ 1978ರ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ ಟೆಲಿವಿಷನ್ ಸರಣಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ದೊರೆಯಿತು. ನೀವು ಒಂದನ್ನೇ ನೋಡುವುದಾದರೆ ಈ ಸರಣಿಯನ್ನು ನೋಡಿ.